ಒಣಗಿಸಿದರೆ ಆರುವ ಬೆಳಕು

ಕೆಮಿಸ್ಟ್ರಿ ಓದಿ ಹೊಸದಾಗಿ ಲ್ಯಾಬಿಗೆ ಕಾಲಿಡುವ ಹುಡುಗ ಹುಡುಗಿಯರು ಪಾರ್ವತಿನಗರದ ನಮ್ಮ ಮನೆಗೆ ಬಂದಾಗ ಕೇಳುವ ಪ್ರಶ್ನೆ ಒಂದೇ. "ಮೇಡಂ, ನಿಮ್ಮ ಕಾಲಕ್ಕ ಮಷೀನೇ ಇರ್ಲಿಲ್ಲಂತಲ್ಲ, ಹೆಂಗ ಮಾಡ್ತಿದ್ರಿ?" ಇರಲಿಲ್ಲ, ನಿಜ. ಆದರೆ ನಮ್ಮ ಕಷ್ಟ ಅದಲ್ಲ. ನಮ್ಮ ಕಣ್ಣಿಗೆ ಕಂಡದ್ದನ್ನು ಇನ್ನೊಬ್ಬರ ಕಣ್ಣಿಗೂ ಕಾಣಿಸಬೇಕು, ಅದು ಕಷ್ಟ. ಕಾಣಿಸದೆ ಹೋದರೆ ನೀವು ಸುಳ್ಳುಗಾರರು, ಅಷ್ಟೇ. ಮಷೀನು ಬಂದ ಮೇಲೂ ಅದೇನೂ ಬದಲಾಗಿಲ್ಲ ಎಂದು ನನ್ನ ನಂಬಿಕೆ.

ನಾನು ಅರವತ್ತರ ದಶಕದಲ್ಲಿ ಬಳ್ಳಾರಿಯ ಒಂದು ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದವಳು. ಎಂಬತ್ತರ ದಶಕ ಮುಗಿಯುವವರೆಗೂ ಅದೇ ಕಟ್ಟಡ, ಅದೇ ಆಮ್ಲದ ವಾಸನೆ. ಯಾವಾಗ ಲೆಕ್ಚರರ್ ಆದೆ, ಯಾವಾಗ ಮೇಲೆ ಹೋದೆ ಅನ್ನುವುದು ಪಿಂಚಣಿ ಕಾಗದದಲ್ಲಿದೆ, ಅದು ಯಾರಿಗೆ ಬೇಕು? ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. "ಪದ್ಮಾ ಮೇಡಂ ಲ್ಯಾಬಿನ್ಯಾಗಿದ್ರ ಸ್ಟೋವ್ ಹಚ್ಚೋದು ಬ್ಯಾಡ, ಅವರೇ ಕುದೀತಿರ್ತಾರ" ಎಂದು ಹುಡುಗರು ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿಲ್ಲದೆ ಇಲ್ಲ.

ನಮ್ಮ ವಿಭಾಗದ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ಸಾವಯವ ವಸ್ತುವೊಂದನ್ನು ಸತುವಿನಂಥ ಲೋಹದ ಜೊತೆ ಕೂಡಿಸಿ, ಆ ಕೂಡಿಕೆಯನ್ನು ಹರಳಾಗಿ ಬೆಳೆಸುವುದು. ಆ ಹರಳನ್ನು ನೇರಳಾತೀತ ದೀಪದ ಕೆಳಗೆ ಇಡುವುದು. ಆ ದೀಪದ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಮೈಮೇಲೆ ಬಿದ್ದಾಗ ಕೆಲವು ಹರಳುಗಳು ಅದನ್ನು ನುಂಗಿ, ಹಸಿರೋ ಹಳದಿಯೋ ಆಗಿ ತಾವೇ ಬೆಳಗುತ್ತವೆ. ಯಾಕೆ ಬೆಳಗುತ್ತವೆ, ಹರಳಿನೊಳಗೆ ಅಣುಗಳು ಹೇಗೆ ಸಾಲುಗಟ್ಟಿ ಕೂತಿವೆ, ಆ ಕೂತ ರೀತಿಗೂ ಬೆಳಕಿಗೂ ಏನು ನಂಟು, ಇದೇ ನಮ್ಮ ತಲೆನೋವು. ಕಬ್ಬಿಣದ ಸೋಂಕು ಚೂರು ತಗುಲಿದರೂ ಈ ಬೆಳಕು ಮಂಕಾಗುತ್ತದೆ. ಬಳ್ಳಾರಿಯಲ್ಲಿ ಕುಳಿತು ಕಬ್ಬಿಣದ ಧೂಳಿಲ್ಲದ ಜಾಗ ಹುಡುಕುವ ಭಾಗ್ಯ ನಮ್ಮದು. ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿ ಕೆಲಸ ಮಾಡಿದ್ದೇವೆ.

ವಿಭಾಗದ ಮುಖ್ಯಸ್ಥರು ನರಸಿಂಗರಾವ್ ಸರ್. ಬಿಳಿ ಪ್ಯಾಂಟು, ಬಿಳಿ ಅಂಗಿ, ಹಣೆಯಲ್ಲಿ ಅಂಗಾರ. ಮನುಷ್ಯ ಕೆಟ್ಟವರಲ್ಲ, ಆದರೆ ಹೆದರಿಕೆಯ ಮನುಷ್ಯ. ಹೆದರುವ ಮೇಲಧಿಕಾರಿಗಿಂತ ಬೈಯುವ ಮೇಲಧಿಕಾರಿ ಎಷ್ಟೋ ವಾಸಿ ಎಂದು ನನಗೆ ಅರ್ಥವಾದದ್ದು ಅವರಿಂದಲೇ. ಅವರು ಹೆದರುವುದಕ್ಕೂ ಕಾರಣವಿತ್ತು.

ಒಮ್ಮೆ ನಮ್ಮ ಲ್ಯಾಬಿನ ಒಂದು ಹರಳು ದೀಪದ ಕೆಳಗೆ ಚೆಂದದ ನೀಲಿಯಾಗಿ ಬೆಳಗಿತು. ರಾವ್ ಸರ್ ಹಿಗ್ಗಿಹೋದರು. ಹೊರಗಿನ ಊರಿನ ಒಂದು ಸಭೆಗೆ ಅದನ್ನು ಒಯ್ದು ಭಾಷಣವನ್ನೂ ಮಾಡಿದರು. ಅಲ್ಲಿ ಒಬ್ಬರು ಎದ್ದುನಿಂತು, "ಸರ್, ನಿಮ್ಮ ಅಂಗಿಯನ್ನೂ ದೀಪದ ಕೆಳಗೆ ಹಿಡಿಯಿರಿ ನೋಡೋಣ" ಎಂದರಂತೆ. ಹಿಡಿದರು. ಅಂಗಿಯೂ ಅದೇ ನೀಲಿ! ಬಟ್ಟೆ ಬೆಳ್ಳಗಾಗಲೆಂದು ಅಗಸರು ಹಾಕುವ ಪುಡಿಯೂ ಆ ದೀಪಕ್ಕೆ ಬೆಳಗುತ್ತದೆ. ನಮ್ಮ ಗಾಜಿನ ಸಾಮಾನು ಒರೆಸುವ ಬಟ್ಟೆಗಳು ಅದೇ ಅಗಸರ ಮನೆಯಿಂದ ಬರುತ್ತಿದ್ದವು. ಬಟ್ಟೆಯ ಪುಡಿ ಹರಳಿಗೆ ಅಂಟಿ ಬೆಳಗಿತ್ತು, ಹರಳು ಪಾಪ ಸುಮ್ಮನಿತ್ತು. ಸಭೆಗೆ ಸಭೆಯೇ ನಕ್ಕಿತಂತೆ. ರಾವ್ ಸರ್ ಊರಿಗೆ ವಾಪಸ್ ಬಂದು ಎಷ್ಟೋ ದಿನ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಅವರ ಬಾಯಲ್ಲಿ ಎರಡೇ ಮಾತು. ಒಂದು, "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು." ಇನ್ನೊಂದು, "ಒಣಗದ ಸ್ಯಾಂಪಲ್ಲು ಸ್ಯಾಂಪಲ್ಲೇ ಅಲ್ಲ." ಎರಡನೆಯದು ನಮ್ಮ ಕಸುಬಿನವರೆಲ್ಲ ಗುರುಗಳಿಂದ ಕಲಿತ ಪಾಠ. ಹಸಿ ಇದ್ದರೆ ತೂಕ ತಪ್ಪುತ್ತದೆ, ತೂಕ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಸೋಸು, ತೊಳೆ, ಒಣಗಿಸು. ನಮ್ಮಲ್ಲಿ ಯಾರ ಪ್ರಬಂಧ ತೆರೆದರೂ ಈ ಮೂರು ಮಾತು ಮಂತ್ರದ ಹಾಗೆ ಇರುತ್ತಿದ್ದವು. ಬರೆಯುವವರು ಯೋಚಿಸದೆ ಬರೆಯುತ್ತಿದ್ದರು, ಓದುವವರು ಯೋಚಿಸದೆ ಓದುತ್ತಿದ್ದರು.

ಇನ್ನು ದೊಡ್ಡಬಸಪ್ಪನ ವಿಷಯ. ಕುರುಗೋಡಿನವನು, ಒಕ್ಕಲುತನದ ಮನೆಯವನು, ನನಗಿಂತ ಕೆಲವು ವರ್ಷ ಚಿಕ್ಕವನು. ಸಿರುಗುಪ್ಪದ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತ, ರಾವ್ ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ. ಉಳಿದವರನ್ನೆಲ್ಲ ಸರ್, ಮೇಡಂ ಅನ್ನುವವನು ನನ್ನನ್ನು ಮಾತ್ರ ಅಕ್ಕಾರ ಎನ್ನುತ್ತಿದ್ದ. ಮಾತು ಕಮ್ಮಿ. ಹತ್ತು ಕೇಳಿದರೆ ಒಂದು ಹೇಳುತ್ತಾನೆ, ಆ ಒಂದು ಮಾತ್ರ ಅಳೆದು ತೂಗಿ.

ಅದು ಎಪ್ಪತ್ತರ ದಶಕದ ಒಂದು ಚಳಿಗಾಲ. ನಾನು ಪ್ರಾಕ್ಟಿಕಲ್ ಪರೀಕ್ಷೆಗೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ಪರೀಕ್ಷೆ ಮುಗಿದ ಮೇಲೆ ಬಸಪ್ಪ, "ಅಕ್ಕಾರ, ಒಂದೀಟು ಒಳಗ ಬರ್ರಿ, ಏನೋ ತೋರಸ್ತೀನಿ" ಎಂದು ಸಾಮಾನಿನ ಕೋಣೆಗೆ ಕರೆದುಕೊಂಡು ಹೋದ. ಒಳಗೆ ಕಾಲಿಟ್ಟರೆ ದೊಡ್ಡ ದೊಡ್ಡ ಬುಟ್ಟಿ ತುಂಬ ಭತ್ತದ ಹೊಟ್ಟು.

"ಏನೋ ಇದು, ಲ್ಯಾಬೋ ರೈಸ್‌ಮಿಲ್ಲೋ?" ಎಂದೆ.

"ಮಿಲ್ಲಿಂದನ ತಂದೀನ್ರಿ. ಬಿಸಿ ದ್ರಾವಣದ ಬಾಟ್ಲಿ ಇದ್ರಾಗ ಹುಗದ್ರ ಬಿಸಿ ಆರೋದು ಭಾಳ ನಿಧಾನ ಆಕೈತಿ. ನಿಧಾನ ಆದಷ್ಟು ಹಳ್ಳು ದೊಡ್ಡವು ಬೀಳ್ತಾವ್ರಿ. ಬಳ್ಳಾರಿ ಬಿಸ್ಲಾಗ ಬರೇ ಪುಡಿ ಬೀಳ್ತೈತಿ."

ಬುಟ್ಟಿಯೊಳಗೆ ಕೈಹಾಕಿ, ಹೊಟ್ಟು ಸರಿಸಿ, ಒಂದು ಬಾಟಲಿ ತೆಗೆದ. ತಳದಲ್ಲಿ ಅವನ 'ಹಳ್ಳು', ಸೂಜಿಯಂಥ ಹರಳುಗಳು, ಸ್ಪಿರಿಟ್ಟಿನ ದ್ರಾವಣದಲ್ಲಿ ಮುಳುಗಿಕೊಂಡಿದ್ದವು. ಕಿಟಕಿಗೆ ಗೋಣಿತಾಟು ಇಳಿಬಿಟ್ಟು, ನಮ್ಮ ವಿಭಾಗದಿಂದಲೇ ಒಯ್ದಿದ್ದ ಹಳೆಯ ದೀಪ ಹಚ್ಚಿದ. ಅಯ್ಯಯ್ಯೋ! ನೆಲ್ಲಿನ ಸಸಿಮಡಿಯ ಹಸಿರು ಇರುತ್ತದಲ್ಲ, ಆ ಹಸಿರು ಆ ಕತ್ತಲೆ ಕೋಣೆಯಲ್ಲಿ ತಾನಾಗಿ ಎದ್ದು ನಿಂತಂತಿತ್ತು. ಆಮೇಲೆ ಹಳೆಯ ಅವಮಾನ ನೆನಪಾಗಿ, ಬಾಟಲಿಯ ಹೊರಗೆ ಒರೆಸಿ ನೋಡಿದೆ, ಬೇರೆ ಬಾಟಲಿ ನೋಡಿದೆ, ನನ್ನ ಸೀರೆಯ ಸೆರಗು ಹಿಡಿದು ನೋಡಿದೆ. ಬೆಳಗುತ್ತಿದ್ದದ್ದು ಹರಳೇ.

ಅವನು ಒಂದು ಹರಳನ್ನು ಅದೇ ದ್ರಾವಣದ ತೊಟ್ಟಿನ ಜೊತೆ ಕೂದಲಿನಂಥ ಗಾಜಿನ ಕೊಳವೆಯಲ್ಲಿಟ್ಟು, ಎರಡೂ ಬಾಯಿ ಕರಗಿಸಿ ಮುಚ್ಚಿ, ಬೆಂಗಳೂರಿನ ಒಂದು ಲ್ಯಾಬಿಗೆ ಒಯ್ದ. ಬೆಳಕನ್ನು ಅಳೆದದ್ದೂ ಅಲ್ಲೇ, ಆ ಕೊಳವೆಯಲ್ಲೇ. ಎಕ್ಸ್‌-ರೇ ಹಾಯಿಸಿ ಹರಳಿನ ಒಳಗನ್ನು ನೋಡಿದ್ದೂ ಅಲ್ಲೇ. ಈಗ ನೀವು ಹರಳನ್ನು ತಣ್ಣನೆಯ ಗಾಳಿಯಲ್ಲಿ ನಿಲ್ಲಿಸಿ ಊಟ ಮಾಡಿ ಬರುವಷ್ಟರಲ್ಲಿ ಒಳಗಿನ ಚಿತ್ರ ತೆಗೆಯುತ್ತೀರಂತೆ. ಆಗ ಫಿಲ್ಮಿನ ಮೇಲೆ ಮೂಡಿದ ಒಂದೊಂದು ಚುಕ್ಕೆಯ ಕಪ್ಪನ್ನೂ ಕಣ್ಣಳತೆಯಲ್ಲೇ ಅಂದಾಜು ಮಾಡಬೇಕಿತ್ತು. ತಿಂಗಳುಗಟ್ಟಲೆ ಲೆಕ್ಕ. ಕಡೆಗೆ ತಿಳಿದದ್ದು ಏನೆಂದರೆ, ಚಪ್ಪಟೆ ಅಣುಗಳು ಒಂದರ ಮೇಲೊಂದು ಕೂತಿವೆ, ಎರಡರ ನಡುವಿನ ಸಂದಿಯಲ್ಲಿ ಒಂದೊಂದು ಸ್ಪಿರಿಟ್ಟಿನ ಅಣು ಸಿಕ್ಕಿಕೊಂಡಿದೆ.

"ನಡುವ ಒಬ್ಬ ಬಾಡಿಗಿದಾರ ಕುಂತಾನ್ರಿ ಅಕ್ಕಾರ" ಎಂದು ಬಸಪ್ಪ ನಕ್ಕ. ನಾನೂ ನಕ್ಕೆ. ದ್ರಾವಣದಿಂದ ಹುಟ್ಟಿದ ಹರಳಿನಲ್ಲಿ ದ್ರಾವಕದ ಅಣು ಸಿಕ್ಕಿಕೊಳ್ಳುವುದು ಹೊಸದೇನಲ್ಲ. ನಾವು ಯಾರೂ ಅದರ ಬಗ್ಗೆ ಮುಂದೆ ಯೋಚಿಸಲಿಲ್ಲ.

ಪ್ರಬಂಧ ಬರೆದು ಯೂನಿವರ್ಸಿಟಿಗೆ ಕೊಟ್ಟದ್ದಾಯಿತು. ಮೈಸೂರು ಕಡೆಯ ಹಿರಿಯ ಪ್ರೊಫೆಸರ್ ಒಬ್ಬರು ಪರೀಕ್ಷಕರು. ಕೆಲವು ತಿಂಗಳ ಮೇಲೆ ಅವರ ಪತ್ರ ಬಂತು. 'ಪ್ರಬಂಧದಲ್ಲಿ ಬರೆದ ಹಾಗೆಯೇ ಈ ವಸ್ತುವನ್ನು ನಮ್ಮ ಲ್ಯಾಬಿನಲ್ಲಿ ಮಾಡಿಸಿ ನೋಡಿದೆ. ಯಾವ ಬೆಳಕೂ ಕಾಣಲಿಲ್ಲ. ಬಳ್ಳಾರಿಗೆ ನಾನೇ ಬರುತ್ತೇನೆ. ವಿದ್ಯಾರ್ಥಿ ನನ್ನ ಕಣ್ಣೆದುರು ತೋರಿಸಲಿ.'

ರಾವ್ ಸರ್ ಆ ಪತ್ರವನ್ನು ಬಸಪ್ಪನ ಮುಂದೆ ಹಿಡಿದರು.

"ಮತ್ತೊಮ್ಮೆ ನನ್ನ ಮರ್ಯಾದಿ ಕಳೀಬೇಕಂತ ಮಾಡೀಯೇನೋ? ಬೆಂಗಳೂರಾಗ ಏನ್ ತೋರಿಸಿ, ಏನ್ ಅಳತಿ ಮಾಡಿಸ್ಕೊಂಡು ಬಂದಿ?"

"ಅದೇ ಹಳ್ಳರಿ ಸರ್."

"ಅದೇ ಹಳ್ಳು ಅವರ ಕೈಯಾಗ ಯಾಕ ಬೆಳಗಲಿಲ್ಲ? ನೋಡು, ಅವತ್ತು ಬೆಳಕು ಕಾಣಲಿಲ್ಲ ಅಂದ್ರ ಯೂನಿವರ್ಸಿಟಿಗೆ ನಾನೇ ಬರೀತೀನಿ. ಈ ಹುಡುಗ ಸುಳ್ಳು ಬರದಾನ, ನನಗೂ ಇದಕ್ಕೂ ಸಂಬಂಧ ಇಲ್ಲ ಅಂತ."

ನನಗೆ ತಡೆಯಲಾಗಲಿಲ್ಲ. "ಸರ್, ನಾ ಕಣ್ಣಾರೆ ನೋಡೀನಿ" ಎಂದೆ.

"ಪದ್ಮಾ, ನೀಲಿ ಬೆಳಕನ್ನೂ ನಾವೆಲ್ಲಾ ಕಣ್ಣಾರೆ ನೋಡಿದ್ವಿ" ಎಂದರು.

ಹಾಗೆ ಯೂನಿವರ್ಸಿಟಿಗೆ ಪತ್ರ ಹೋದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಪದವಿ ಹೋಗುವುದು ಸಣ್ಣ ಮಾತು. ಸುಳ್ಳು ಫಲಿತಾಂಶ ಬರೆದವನು ಎಂಬ ಹೆಸರು ಒಮ್ಮೆ ಅಂಟಿದರೆ ಈ ಕಸುಬಿನಲ್ಲಿ ಅವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ.

ಬಸಪ್ಪ ಹೊರಟುಹೋದ. ಕಾಲೇಜಿಗೆ ರಜೆ ಹಾಕಿ ಕುರುಗೋಡಿನಲ್ಲಿ ಕೂತಿದ್ದಾನೆ, ಪರೀಕ್ಷೆಗೆ ಬರುವುದಿಲ್ಲ ಅಂತಾನೆ ಎಂದು ಸುದ್ದಿ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ.

ಅವನ ತಾಯಿ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದರು. ನನ್ನನ್ನು ಕಂಡು ಮೊರ ಪಕ್ಕಕ್ಕಿಟ್ಟು ಎದ್ದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ನೆಟ್ಟಗೆ ನನ್ನ ಮುಖ ನೋಡಿ ಕೇಳಿದರು.

"ಅಕ್ಕಾರ, ನಾ ಓದಿದಾಕಿ ಅಲ್ಲ. ಒಂದು ಮಾತು ಕೇಳ್ತೀನಿ. ನನ್ನ ಮಗ ಸುಳ್ಳು ಬರದಾನಂತ, ಖರೇ ಏನ್ರಿ?"

"ಇಲ್ಲವ್ವಾ. ನಾ ನೋಡೀನಿ. ಬೆಳಕು ಬಂದಿದ್ದು ಖರೆ ಅದ."

"ಮತ್ತ ಯಾಕ ಮಕ ಮುಚ್ಕೊಂಡು ಕುಂತಾನ?" ಎಂದು ಒಳಗಿನ ಕೋಣೆಯ ಕಡೆ ತಿರುಗಿ, "ಲೇ ಬಸ್ಯಾ, ಹೊರಗ ಬಾರಲೇ!" ಎಂದು ಕೂಗಿದರು.

ಬಂದ. ಗಡ್ಡ ಬಿಟ್ಟಿದ್ದ. "ಅಕ್ಕಾರ, ಅವರ ಲ್ಯಾಬು ದೊಡ್ಡದು. ಅಲ್ಲೇ ಬೆಳಗಲಿಲ್ಲ ಅಂದ್ರ ಇಲ್ಲಿ ಏನ್ ಬೆಳಗತೈತ್ರಿ? ನಂಗ ನನ್ನ ಕಣ್ಣಮ್ಯಾಲ ನಂಬಿಕಿ ಹೋಗೈತಿ."

"ನನ್ನ ಕಣ್ಣಮ್ಯಾಲೂ ಹೋತೇನು? ಹಾಗಂದ್ರ ನನ್ನನ್ನೂ ಸುಳ್ಳುಗಾರ್ತಿ ಮಾಡಿದಿ. ಗಡ್ಡ ಬೋಳಿಸ್ಕೊಂಡು ನಡಿ. ಸಿರುಗುಪ್ಪಕ್ಕ ಹೋಗಿ ಹೊಟ್ಟಿನ್ಯಾಗ ಬಾಟ್ಲಿ ಹುಗಿ. ಬೆಳಗಲಿಲ್ಲ ಅಂದ್ರ ಆಮ್ಯಾಲ ಇಬ್ಬರೂ ಕೂತು ಅಳೋಣಂತ." ಒಬ್ಬ ತಾಯಿಯ ಮುಂದೆ ಮಗನನ್ನು ಹಾಗೆ ಬೈಯಬಾರದಿತ್ತು. ಆದರೆ ಆಕೆ, "ಇನ್ನೂ ನಾಕು ಬೈರಿ ಅಕ್ಕಾರ" ಎಂದರು.

ಬಸಪ್ಪ ಹೋದ, ಬಾಟಲಿ ಹುಗಿದ, ಹರಳು ತಂದ. ಪರೀಕ್ಷೆ ಬಿದ್ದದ್ದು ಮೇ ತಿಂಗಳು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುತ್ತಾರಲ್ಲ, ಇದು ಎರಡನೆಯದು. ಪರೀಕ್ಷಕರು ಬರುವ ಹಿಂದಿನ ದಿನ ಅವನು ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸಿರುಗುಪ್ಪದ ಬಸ್ಸಿಳಿದ. ನಾವಿಬ್ಬರೂ ಬಾಗಿಲು ಹಾಕಿ ಕಪ್ಪು ಪೆಟ್ಟಿಗೆಯಲ್ಲಿಟ್ಟು ದೀಪ ಹಚ್ಚಿ ನೋಡಿದೆವು. ಹಸಿರು! ಅದೇ ಹಸಿರು. ಬಸಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಗಲೇ ರಾವ್ ಸರ್ ಒಳಗೆ ಬಂದರು.

"ಹಸಿ ಸ್ಯಾಂಪಲ್ ನೋಡಿ ಕುಣೀಬ್ಯಾಡ್ರಿ. ಪ್ರಬಂಧದಾಗ ಏನು ಬರದೀಯೋ ಹಂಗ ಮಾಡು. ಸೋಸು, ತೊಳೆ, ಒಣಗಿಸು. ಓವನ್ನಿನ್ಯಾಗ ಇಟ್ಟುಬಿಡು, ನಾಳೆ ಮುಂಜಾನಿ ತೆಗಿ. ಒಂದು ಹನಿ ಹಸಿ ಇರಬಾರದು." ಉಳಿದ ದ್ರಾವಣವನ್ನು ತಾವೇ ನಿಂತು ಮೋರಿಗೆ ಚೆಲ್ಲಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ಬಸಪ್ಪ ಸೋಸಿದ, ತೊಳೆದ, ಸೋಸುಕಾಗದಗಳ ನಡುವೆ ಒತ್ತಿ ಒತ್ತಿ ಹಸಿ ತೆಗೆದ. ಕೈಗೆ ಒಣಗಿದಂತೆಯೇ ಇತ್ತು. ಮೇಲೆ ಓವನ್ನಿಗೂ ಇಟ್ಟೆವು.

ಮರುದಿನ ಬೆಳಿಗ್ಗೆ ಓವನ್ನಿನ ಬಾಗಿಲು ತೆಗೆದವಳು ನಾನು. ಬಿಸಿಗಾಳಿಯ ಜೊತೆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಲ್ಯಾಬಿನಲ್ಲಿ ಸ್ಪಿರಿಟ್ಟಿನ ವಾಸನೆ ಏನು ದೊಡ್ಡದು ಎಂದುಕೊಂಡು ತಟ್ಟೆ ತೆಗೆದೆ. ಸೂಜಿಯಂತಿದ್ದ ಹರಳುಗಳು ಬಿರುಕು ಬಿಟ್ಟು ಸುಣ್ಣದ ಪುಡಿಯ ಹಾಗಾಗಿದ್ದವು.

ಪರೀಕ್ಷಕರು ಬಂದರು. ಸಣ್ಣ ಆಳು, ದಪ್ಪ ಕನ್ನಡಕ, ಬೆವರು ಒರೆಸಿಕೊಳ್ಳುತ್ತಲೇ ಮಾತು. ಬಸಪ್ಪ ತಟ್ಟೆಯನ್ನು ಕಪ್ಪು ಪೆಟ್ಟಿಗೆಯೊಳಗಿಟ್ಟು ದೀಪ ಹಚ್ಚಿದ. ಅವರು ಇಣುಕುಗಂಡಿಗೆ ಕಣ್ಣಿಟ್ಟರು. ಇಟ್ಟರು. ಇಟ್ಟೇ ಇದ್ದರು.

"ಎಲ್ಲಪ್ಪಾ ಬೆಳಕು?"

ಬಸಪ್ಪ ನೋಡಿದ. ನಾನು ನೋಡಿದೆ. ಕತ್ತಲೆಯಲ್ಲಿ ಒಂದು ಮಂಕು ಬಿಳುಪು, ಅಷ್ಟೇ. ರಾವ್ ಸರ್ ನೋಡಲೂ ಬರಲಿಲ್ಲ. ಗೋಡೆಗೆ ಒರಗಿ ನಿಂತು, "ನಾನು ಮೊದಲೇ ಹೇಳಿದ್ದೆ, ನಾನು ಮೊದಲೇ ಹೇಳಿದ್ದೆ" ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು.

"ನಿನ್ನೆ ಇತ್ತು ಸರ್" ಎಂದೆ.

"ನಿನ್ನೆ ಇತ್ತು, ಇವತ್ತಿಲ್ಲ. ಇದೇನಮ್ಮ, ಕಣ್ಣಾಮುಚ್ಚಾಲೆನಾ?" ಎಂದರು ಪರೀಕ್ಷಕರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಯಿತು. "ಊಟ ಮುಗಿಸಿ ಬರ್ತೀನಿ. ಸಂಜೆ ರೈಲಿಗೆ ಹೊರಡ್ಬೇಕು. ಅಷ್ಟರಲ್ಲಿ ಏನಾದ್ರೂ ಹೇಳೋದಿದ್ರೆ ಯೋಚ್ನೆ ಮಾಡಿ ಇಟ್ಕೊಳ್ಳಿ." ರಾವ್ ಸರ್ ಅವರನ್ನು ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಬಸಪ್ಪನ ಕಡೆ ನೋಡಲಿಲ್ಲ.

ಬಸಪ್ಪ ಸ್ಟೂಲಿನ ಮೇಲೆ ಕೂತ. "ಮುಗೀತ್ರಿ ಅಕ್ಕಾರ" ಎಂದ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಹಾಳು ಓವನ್ನು, ಹಾಳು ಪುಡಿ ಎಂದು ಬೈಯುತ್ತ ಓವನ್ನಿನ ಬಾಗಿಲನ್ನು ದಢಾರನೆ ತೆರೆದೆ. ಒಳಗೆ ಬೆಳಗಿನ ವಾಸನೆ ಇನ್ನೂ ಚೂರು ಉಳಿದಿತ್ತು. ಆಗ ತಲೆಯಲ್ಲಿ ಏನೋ ತಟ್ಟಿತು.

"ಬಸಪ್ಪಾ, ನಿನ್ನೆ ಒತ್ತಿ ಒತ್ತಿ ಒಣಗಿಸಿ ಇಟ್ಟೀವಲ್ಲೋ. ಓವನ್ನಿನ್ಯಾಗ ಸ್ಪಿರಿಟ್ಟು ಎಲ್ಲಿಂದ ಬಂತು?"

ಅವನು ತಲೆ ಎತ್ತಿದ.

"ಹೊರಗಿನ ಹಸಿ ಎಲ್ಲಾ ಮೊದಲೇ ಹೋಗಿತ್ತು. ಇದು ಒಳಗಿಂದು. ನಿನ್ನ ಬಾಡಿಗಿದಾರ! ಅವನ್ನ ಮನಿ ಬಿಡಿಸಿ ಕಳಿಸೀವಿ ನಾವು. ನಡುವಿನವ ಎದ್ದು ಹೋದಮ್ಯಾಲ ಅಣು ಎಲ್ಲಾ ಕುಸಿದು ಕೂತಾವ. ಬೆಳಕು ಎಲ್ಲಿಂದ ಬರಬೇಕು?"

ಬಸಪ್ಪ ಸ್ಟೂಲಿನಿಂದ ಎದ್ದ. "ದೀಪಕ್ಕ ಹಿಡಿದದ್ದು ಯಾವಾಗ್ಲೂ ಹಸೀದುರಿ. ಒಣಗಿಸಿದ್ದು ಬರೇ ತೂಕಕ್ಕ. ಅದನ್ನ ದೀಪದ ಕೆಳಗ ಯಾರೂ ನೋಡೇ ಇಲ್ರಿ. ಪ್ರಬಂಧದಾಗ ಎರಡಕ್ಕೂ ಸೇರಿಸಿ ಒಣಗಿಸಿದ್ದು ಅಂತ ಬರದುಬಿಟ್ಟೀನಿ. ಅವರು ಅದನ್ನ ಓದಿ ಒಣಗಿಸ್ಯಾರ."

"ವಾಪಸ್ ಕರದ್ರ ಬಂದಾನೇನು ನಿನ್ನ ಬಾಡಿಗಿದಾರ?"

"ಗೊತ್ತಿಲ್ರಿ."

ನನಗೂ ಗೊತ್ತಿರಲಿಲ್ಲ. ಹೊಸ ಹರಳು ಬೆಳೆಸಲು ಸಮಯ ಇರಲಿಲ್ಲ. ಒಂದು ದಪ್ಪ ಗಾಜಿನ ಜಾಡಿ ತೆಗೆದುಕೊಂಡೆವು. ಒಂದು ಬಟ್ಟಲಲ್ಲಿ ಸ್ಪಿರಿಟ್ಟು, ಪಕ್ಕದಲ್ಲಿ ಆ ಸತ್ತ ಪುಡಿ, ಎರಡನ್ನೂ ಒಳಗಿಟ್ಟು, ಮುಚ್ಚಳಕ್ಕೆ ಗ್ರೀಸು ಬಳಿದು ಬಿಗಿಯಾಗಿ ಮುಚ್ಚಿದೆವು. ಸ್ಪಿರಿಟ್ಟಿನ ಹಬೆ ಜಾಡಿಯೆಲ್ಲ ತುಂಬಲಿ, ಪುಡಿ ಬೇಕಾದರೆ ಎಳೆದುಕೊಳ್ಳಲಿ. ಜಾಡಿ ಸಮೇತ ಕಪ್ಪು ಪೆಟ್ಟಿಗೆಯೊಳಗಿಟ್ಟು ಇಣುಕಿದರೆ ಏನೂ ಇಲ್ಲ. ಸ್ವಲ್ಪ ಬಿಟ್ಟು ನೋಡಿದರೂ ಏನೂ ಇಲ್ಲ. ಬಸಪ್ಪ ನೋಡುವುದನ್ನೇ ಬಿಟ್ಟ. ನನಗೆ ಬಿಡಲಾಗಲಿಲ್ಲ. ಕಿಟಕಿಯ ಒದ್ದೆ ಬಟ್ಟೆ ಒಣಗಿ ಬಡಬಡಿಸುತ್ತಿತ್ತು. ಗುರುರಾಯರಿಗೆ ಹರಕೆ ಹೊತ್ತೆ ಎಂದರೆ ನೀವು ನಗುತ್ತೀರಿ, ನಗಿರಿ, ಹೊತ್ತದ್ದು ನಿಜ.

ಹೊರಗೆ ಜಟಕಾ ನಿಂತ ಸಪ್ಪಳ. ಅವರು ಬಂದರು. ನಾನು ಇಣುಕುಗಂಡಿಯಿಂದ ಕಣ್ಣು ತೆಗೆದಿರಲಿಲ್ಲ. ಪುಡಿಯ ಅಂಚಿನಲ್ಲಿ, ಸ್ಪಿರಿಟ್ಟಿನ ಬಟ್ಟಲಿನ ಕಡೆಗೆ, ದಾರದಷ್ಟು ತೆಳ್ಳಗೆ ಹಸಿರು ಮೂಡಿತು. ಮೊದಲು ನನ್ನ ಕಣ್ಣೇ ಮೋಸ ಮಾಡುತ್ತಿದೆ ಎಂದುಕೊಂಡೆ.

"ಸರ್, ಬರ್ರಿ!" ಎಂದು ಕಿರುಚಿದೆ. ಮೈಸೂರಿನ ದೊಡ್ಡ ಪ್ರೊಫೆಸರನ್ನು ತೋಳು ಹಿಡಿದು ಎಳೆದೆ ಎಂದು ಆಮೇಲೆ ಬಸಪ್ಪ ಹೇಳಿದ. ನನಗೆ ನೆನಪಿಲ್ಲ.

ಅವರು ಕಣ್ಣಿಟ್ಟರು. ಅವರ ಎದುರಿಗೇ ಹಸಿರು ಅಂಚಿನಿಂದ ನಡುವಿಗೆ ಹರಡಿ ತಟ್ಟೆ ತುಂಬಿತು. ಮುಚ್ಚಳ ತೆಗೆಯಿರಿ ಎಂದರು. ಪುಡಿಯನ್ನು ಹೊರಗಿಟ್ಟೆವು. ಬಳ್ಳಾರಿಯ ಬಿಸಿಗಾಳಿಗೆ ಬೆಳಕು ಮೆಲ್ಲಗೆ ಮಂಕಾಯಿತು. ಒಳಗಿಡಿ ಎಂದರು. ಮತ್ತೆ ಬಂತು. ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

"ಅಯ್ಯೋ ಶಿವನೇ, ನಾವೂ ಒಣಗಿಸಿಬಿಟ್ಟಿದ್ವಿ ಕಣ್ರೀ" ಎಂದರು. ಮುಖದಲ್ಲಿ ಮಕ್ಕಳ ನಗು. "ಒಳಗಿನ ಅಣು ಹೋದ್ರೆ ಬೆಳಕು ಹೋಗತ್ತೆ, ಬಂದ್ರೆ ಬರತ್ತೆ. ಇಂಥದ್ದು ನಾನು ನೋಡೇ ಇರ್ಲಿಲ್ಲ. ಇದನ್ನ ಪ್ರಬಂಧದಲ್ಲಿ ಬರೀದೆ ವೈವಾದಲ್ಲಿ ತೋರಿಸೋಣ ಅಂತ ಇಟ್ಕೊಂಡಿದ್ರಾ? ಬೆಳಿಗ್ಗೆ ಆರಿದ್ದು ತೋರಿಸಿ, ಮಧ್ಯಾಹ್ನ ಹತ್ತಿಸಿ? ಭಲೇ!"

"ಹೌದು ಸರ್, ಹೌದು" ಎಂದು ರಾವ್ ಸರ್ ಮುಂದೆ ಬಂದರು. ಬೆಳಿಗ್ಗೆ ಗೋಡೆಗೆ ಒರಗಿದ್ದ ಮನುಷ್ಯ ಈಗ ನೆಟ್ಟಗೆ ನಿಂತಿದ್ದರು. "ನಾನೇ ಹೇಳಿದ್ದೆ, ಕೊನೆಗೆ ತೋರಿಸು ಅಂತ. ಎಲ್ಲಾ ಗೊತ್ತಿದ್ದೇ ಮಾಡಿದ್ದು."

ಪರೀಕ್ಷಕರು ಬಸಪ್ಪನ ಕಡೆ ತಿರುಗಿದರು. "ಹೌದೇನಪ್ಪಾ? ಹಾಗಿದ್ರೆ ಇವತ್ತೇ ಪಾಸು ಮಾಡಿ ಹೋಗ್ತೀನಿ."

ಹೂಂ ಅನ್ನು, ಬಸಪ್ಪಾ! ನನ್ನ ಮನಸ್ಸು ಕೂಗಿಕೊಳ್ಳುತ್ತಿತ್ತು. ಬೆಳಕು ಖರೆ, ಹರಳು ಖರೆ, ನಿನ್ನ ದುಡಿಮೆ ಖರೆ. ಒಂದೇ ಒಂದು ಹೂಂ, ಯಾರಪ್ಪನ ಗಂಟು ಹೋಗುತ್ತದೆ? ನಾನಾಗಿದ್ದರೆ ಅಂದುಬಿಡುತ್ತಿದ್ದೆ, ಮುಚ್ಚಿಡುವುದೇನು.

ಬಸಪ್ಪ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಆಮೇಲೆ ತಲೆ ಎತ್ತಿದ.

"ಇಲ್ರಿ ಸರ್. ನಂಗ ಗೊತ್ತಿರ್ಲಿಲ್ಲ. ಓವನ್ನಿನ ವಾಸನಿ ಹಿಡದು ಅಕ್ಕಾರು ಈಗ ಹೇಳಿದ್ರು. ಇನ್ನೊಂದು ಐತ್ರಿ. ಬೆಳಕು ಅಳತಿ ಮಾಡಿಸಿದ ಹಳ್ಳು ನಾ ಒಣಗಿಸಿರಲಿಲ್ಲ. ಒಣಗಿಸೀನಂತ ಪ್ರಬಂಧದಾಗ ಬರದೀನಿ. ಎಲ್ಲಾರೂ ಬರೀತಾರಂತ ನಾನೂ ಬರದೆ. ಅದು ಸುಳ್ಳು ಐತ್ರಿ."

"ಲೇ!" ಎಂದರು ರಾವ್ ಸರ್. ನಾನು ತಲೆಯ ಮೇಲೆ ಕೈಹೊತ್ತುಕೊಂಡೆ.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಇವತ್ತು ಪಾಸು ಮಾಡೋಕಾಗಲ್ಲಪ್ಪ. ಆ ಅಧ್ಯಾಯ ಪೂರ್ತಿ ತೆಗ್ದುಹಾಕಿ ಮತ್ತೆ ಬರಿ. ಹಸಿ ಎಷ್ಟು, ಒಣಗಿದ್ದು ಎಷ್ಟು, ಎಲ್ಲಾ ಅಳೆದು ಬರಿ. ಇನ್ನೊಂದು ವರ್ಷ ಹಿಡಿಯತ್ತೆ."

"ಬರೀತೀನ್ರಿ" ಎಂದ ಬಸಪ್ಪ.

ಅವರು ಚೀಲ ಎತ್ತಿಕೊಂಡು ಬಾಗಿಲ ತನಕ ಹೋದವರು ರಾವ್ ಸರ್ ಮುಂದೆ ನಿಂತರು. "ಇವನು ಸುಳ್ಳುಗಾರ ಅಂತ ಯೂನಿವರ್ಸಿಟಿಗೆ ಬರೀತೀನಿ ಅಂತ ಊಟಕ್ಕೆ ಕೂತಾಗ ಅಂದ್ರಲ್ಲ ರಾಯರೇ. ಬರೀಬೇಡ್ರಿ. ಸುಳ್ಳು ಹೇಳೋ ಮನುಷ್ಯ ಆಗಿದ್ರೆ ಈಗ ಹೇಳ್ತಿದ್ದ."

ರಾವ್ ಸರ್ ಹಣೆಯ ಬೆವರು ಒರೆಸಿಕೊಂಡರು. ಅಂಗಾರವೆಲ್ಲ ಕರ್ಚೀಫಿಗೆ ಬಂತು. ಅವರು ಬಸಪ್ಪನ ಹತ್ತಿರ ಹೋಗಿ, ಅವನ ಹೆಗಲ ಮೇಲೆ ಕೈಯಿಟ್ಟರು. ಅಲ್ಲಿಯವರೆಗೂ ಕಲ್ಲಿನ ಹಾಗೆ ನಿಂತಿದ್ದ ಬಸಪ್ಪ ಆಗ ಅತ್ತ.